ಏನೂ ಆಗಬೇಕಿಲ್ಲದವನು

ಅಜ್ಜಂಪುರಕ್ಕೆ ರೈಲು ಬರುವುದು ನಿಂತು ನಾಲ್ಕಾರು ದಿನವಾಗಿತ್ತು. ಮೈಕು ಕಟ್ಟಿಕೊಂಡ ಆಟೊವೊಂದು ‘ಎಲ್ಲರೂ ಮನೆಯಲ್ಲೇ ಇರಿ, ಯಾರೂ ಮನೆಯಿಂದ ಹೊರಗೆ ಬರಬೇಡಿ’ ಎಂದು ಕೂಗುತ್ತಾ ಸ್ಟೇಷನ್ ರಸ್ತೆಯಲ್ಲಿ ಹಾದುಹೋಯಿತು. ಗೂಡ್ಸ್ ಶೆಡ್ಡಿನ ಜಗಲಿಯ ಮೇಲೆ ಕೂತಿದ್ದವರೂ ಅದನ್ನು ಕೇಳಿಸಿಕೊಂಡರು. ಅವರಲ್ಲಿ ಯಾರಿಗೂ ಮನೆಯಿರಲಿಲ್ಲ.

ಅವರನ್ನು ಕರೆದೊಯ್ಯಲು ಬಂದ ವ್ಯಾನಿನಲ್ಲಿ ಸುಮನಾ ಇದ್ದಳು. ತರೀಕೆರೆಯ ಹೊರಗಿದ್ದ ಒಂದು ಬಾಲಕಿಯರ ಹಾಸ್ಟೆಲಿಗೆ ಅವಳು ವಾರ್ಡನ್. ಮಕ್ಕಳೆಲ್ಲ ಊರಿಗೆ ಹೋಗಿ ಹಾಸ್ಟೆಲ್ ಖಾಲಿ ಬಿದ್ದಿದ್ದರಿಂದ ಅದನ್ನು ನೆಲೆಯಿಲ್ಲದ ಹೆಂಗಸರ ಆಶ್ರಯ ಕೇಂದ್ರವೆಂದು ಮಾಡಿದ್ದರು. ಗಂಡಸರಿಗೆ ಕಡೂರಿನಲ್ಲಿ ಇನ್ನೊಂದು ಹಾಸ್ಟೆಲ್ ಗೊತ್ತುಮಾಡಿದ್ದರು. ಈ ಎರಡರ ಉಸ್ತುವಾರಿಯೂ ಮಲ್ಲಿಕಾರ್ಜುನಯ್ಯ ಎಂಬ ಅಧಿಕಾರಿಯದು. ನಿವೃತ್ತಿಗೆ ಹತ್ತಿರವಾಗಿದ್ದ, ಸಿಡುಕದ ಮನುಷ್ಯ. ಹೆಂಗಸರನ್ನು ಗಾಡಿ ಹತ್ತಿಸುವಾಗ ಒಬ್ಬ ಹೆಂಗಸು ಜೊತೆಗಿರಲಿ ಎಂದು ಸುಮನಾಳನ್ನು ಕರೆತಂದಿದ್ದರು.

ಎಲ್ಲರನ್ನೂ ವಿಚಾರಿಸಿ ಮುಗಿದಾಗ ಕೊನೆಗೆ ಇಬ್ಬರು ಉಳಿದರು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಒಬ್ಬ ಹೆಂಗಸು. ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದ, ಅವಳಿಗಿಂತ ಹಿರಿಯನಂತೆ ಕಾಣುವ ಒಬ್ಬ ಗಂಡಸು. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

“ಹೆಸರೇನಮ್ಮ?” ಮಲ್ಲಿಕಾರ್ಜುನಯ್ಯ ಕೇಳಿದರು.

“ಕರಿಬಸಮ್ಮ ಅಂತಾರೆ ಸ್ವಾಮಿ. ಹಿರೇನಲ್ಲೂರು ಕಡೆಯೋಳು. ಇಲ್ಲಿ ಮಂಡೀಲಿ ಈರುಳ್ಳಿ ಆರಿಸ್ತೀನಿ.”

“ಇವನು ನಿನ್ನ ಗಂಡನಾ?”

“ಅಯ್ಯೋ, ಗಂಡ ಎಲ್ಲಿ ಬಂದ! ಇವ್ನು ಲಕ್ಕಣ್ಣ.”

“ಮತ್ತೆ ನಿನಗೇನಾಗ್ಬೇಕು?”

“ಏನೂ ಆಗ್ಬೇಕಿಲ್ಲ. ಅವ್ನಿಗೆ ಕಣ್ಣು ಕಾಣಲ್ಲ, ನಂಗೆ ಒಬ್ಳೇ ಮಲ್ಗಕ್ಕೆ ಭಯ. ಅದಕ್ಕೆ ಒಟ್ಟಿಗಿದೀವಿ.”

ವ್ಯಾನಿನ ಡ್ರೈವರ್ ಮಾಸ್ಕಿನೊಳಗೇ ನಕ್ಕ. ಮಲ್ಲಿಕಾರ್ಜುನಯ್ಯ ನಗಲಿಲ್ಲ. ಸುಮನಾಳನ್ನು ಪಕ್ಕಕ್ಕೆ ಕರೆದು, “ಸಂಸಾರ ಇದ್ದೋರನ್ನ ಬೇರೆ ಮಾಡ್ಬೇಡಿ ಅಂತ ಮೇಲಿಂದ ಹೇಳಿದಾರೆ. ನಿಮ್ಮ ಹಾಸ್ಟೆಲ್ ಹಿಂದೆ ಕ್ವಾರ್ಟರ್ಸ್ ರೂಮು ಖಾಲಿ ಇದೆಯಲ್ಲ. ಇವರಿಬ್ಬರನ್ನ ಅಲ್ಲಿಡಬಹುದಾ? ಮುದುಕನಿಗೆ ಕಣ್ಣು ಬೇರೆ ಇಲ್ಲ. ನೀವು ಹೂಂ ಅಂದ್ರೆ ಹಾಗೇ ಮಾಡೋಣ” ಎಂದರು.

ಸುಮನಾ ಆ ರೂಮನ್ನು ನೆನೆಸಿಕೊಂಡಳು. ಒಳಗೆ ಮುರಿದ ಮಂಚಗಳಿದ್ದವು. ತೆಗೆಸಿದರೆ ಅರ್ಧ ದಿನದ ಕೆಲಸ. ಆದರೆ ಅದು ಹೆಣ್ಣುಮಕ್ಕಳ ಹಾಸ್ಟೆಲು. ಮದುವೆಯಾಗದ ಇಬ್ಬರನ್ನು ಅಲ್ಲಿ ಒಟ್ಟಿಗೆ ಇಟ್ಟರೆ ನಾಳೆ ಆ ಮಕ್ಕಳ ತಂದೆ ತಾಯಿಗಳು ಏನೆಂದಾರು? ಅವಳ ಅಪ್ಪ ಅಜ್ಜಂಪುರದಲ್ಲೇ ಅಂಗಡಿ ಇಟ್ಟವರು, ಮಠಕ್ಕೆ ನಡೆದುಕೊಳ್ಳುವ ಮನೆತನ. ಸ್ಟೇಷನ್ ಬಳಿಯ ಇಂಥ ಜೋಡಿಗಳ ಬಗ್ಗೆ ಮನೆಯಲ್ಲಿ ಆಡುತ್ತಿದ್ದ ಮಾತು ಅವಳ ಕಿವಿಯಲ್ಲಿತ್ತು.

“ಅವಳೇ ಏನೂ ಆಗ್ಬೇಕಿಲ್ಲ ಅಂದ್ಲಲ್ಲ ಸಾರ್,” ಎಂದಳು. “ಲೇಡೀಸ್ ಹಾಸ್ಟೆಲ್ಲು. ಸರಿ ಹೋಗಲ್ಲ.”

“ನಿಮ್ಮಿಷ್ಟ,” ಎಂದರು ಅವರು.

ಕರಿಬಸಮ್ಮ ಮೊದಲು ಒಪ್ಪಲಿಲ್ಲ. ವ್ಯಾನಿನ ಜೊತೆ ಬಂದಿದ್ದ ಪೊಲೀಸಿನವನು ಲಾಠಿಯನ್ನು ಸುಮ್ಮನೆ ನೆಲಕ್ಕೆ ಬಡಿದ ಮೇಲೆ ಒಪ್ಪಿದಳು. ಲಕ್ಕಣ್ಣನ ಬಟ್ಟೆಯ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಟ್ಟಳು. “ಎರಡ್ಮೂರು ವಾರ ಅಂತೆ ಕಣೋ. ಸಕ್ರೆ ಕಾಯಿಲೆ ಐತೆ ಅಂತ ಅಲ್ಲಿಯೋರಿಗೆ ಹೇಳು. ಬರಿಗಾಲಲ್ಲಿ ಓಡಾಡ್ಬೇಡ,” ಎಂದಳು. ಲಕ್ಕಣ್ಣ ಬೆರಳಿಗೆ ಸುತ್ತಿಕೊಂಡಿದ್ದ ಸೆರಗನ್ನು ಬಿಡಲು ಹೊತ್ತು ಮಾಡಿದ. ಆಮೇಲೆ ಕಡೂರಿನ ಗಾಡಿ ಹತ್ತಿದ.

ತರೀಕೆರೆಯ ದಾರಿಯುದ್ದಕ್ಕೂ ಕರಿಬಸಮ್ಮ ಹಿಂದಕ್ಕೇ ತಿರುಗಿ ಕೂತಿದ್ದಳು. ಡ್ರೈವರ್ ಪಕ್ಕ ಕೂತಿದ್ದ ಸುಮನಾ ತಾನು ಮಾಡಿದ್ದು ಸರಿ ಎಂದು ತನಗೇ ಹೇಳಿಕೊಳ್ಳುತ್ತಿದ್ದಳು. ಹಾಗೆ ಹೇಳಿಕೊಳ್ಳಬೇಕಾಗಿ ಬಂದದ್ದೇ ಅವಳಿಗೆ ಕಿರಿಕಿರಿ ಅನಿಸಿತು.

ಹಾಸ್ಟೆಲಿನಲ್ಲಿ ಕರಿಬಸಮ್ಮ ಬೇಗ ಹೊಂದಿಕೊಂಡಳು. ಅಡುಗೆಯವರು ಬರಲು ಹೆದರುತ್ತಿದ್ದ ದಿನಗಳವು. ಅವಳೇ ಒಲೆ ಮುಂದೆ ನಿಂತಳು. ಉಳಿದ ಹೆಂಗಸರಲ್ಲಿ ಒಬ್ಬಳು ಬುದ್ಧಿ ಸ್ವಲ್ಪ ಸರಿಯಿಲ್ಲದವಳು, ರಾತ್ರಿಯೆಲ್ಲ ಕೂಗುತ್ತಿದ್ದಳು. ಅವಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ತಟ್ಟುತ್ತಿದ್ದವಳೂ ಕರಿಬಸಮ್ಮನೇ. ಸುಮನಾಳಿಗೆ ಅವಳಿಂದ ದೊಡ್ಡ ಹೊರೆ ಇಳಿದಿತ್ತು. ದಿನಾ ಬೆಳಿಗ್ಗೆ ಸುಮನಾ ಬಂದು ಆಫೀಸು ರೂಮಿನ ಬೀಗ ತೆಗೆಯುವಾಗ ಮಾತ್ರ ಕರಿಬಸಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದಳು.

“ಅಮ್ಮಾರೇ, ಕಡೂರಿಂದ ಏನಾರ ಸುದ್ದಿ ಬಂತಾ?”

ಒಂದು ದಿನ ಸುಮನಾ ಕಡೂರಿನ ವಾರ್ಡನ್ ಓಂಕಾರಮೂರ್ತಿಗೆ ಫೋನ್ ಮಾಡಿ ಲಕ್ಕಣ್ಣನಿಗೆ ಕೊಡಿಸಿದಳು. ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು. ಕರಿಬಸಮ್ಮ ಅದನ್ನು ಮುಟ್ಟದೆ, ಬಾಗಿ, ಬಾವಿಯೊಳಗೆ ಕೂಗುವಂತೆ ಕೂಗಿದಳು.

“ಲಕ್ಕಣ್ಣಾ! ಉಂಡೆಯೇನೋ?”

“ಉಂಡೆ ಕಣೇ. ಇಲ್ಲಿ ಬಿಳೀ ಅನ್ನ. ಮುದ್ದೆ ಇಲ್ಲ.”

“ಕಾಲಿಗೇನಾರ ಹಾಕ್ಕೊಂಡಿದೀಯಾ?”

“ಹೂಂ. ನೀನೆಲ್ಲಿದೀಯಾ? ನಿನ್ ದನಿ ಡಬ್ಬದಿಂದ ಬಂದಂಗೆ ಬರ್ತದೆ.”

ಅವಳು ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಮನಾ ಕಿಟಕಿಯ ಕಡೆ ತಿರುಗಿದಳು.

ಎರಡು ಮೂರು ವಾರವೆಂದದ್ದು ಮುಂದುವರಿಯುತ್ತಲೇ ಹೋಯಿತು. ಬೇಸಿಗೆ ಕಳೆಯುವ ಹೊತ್ತಿಗೆ ಮುಂಬೈ ಕಡೆಯಿಂದ ಜನ ಬರತೊಡಗಿದರು. ಬಂದವರನ್ನು ಊರೊಳಗೆ ಬಿಡದೆ ಇರಿಸಿಕೊಳ್ಳಲು ಹಾಸ್ಟೆಲು, ಶಾಲೆಗಳನ್ನೆಲ್ಲ ಕ್ವಾರಂಟೈನಿಗೆ ಹಿಡಿಯತೊಡಗಿದರು. ಸುಮನಾಳಿಗೆ ಗೊತ್ತಿದ್ದ ವಾರ್ಡನ್ ಒಬ್ಬಳು ಮನೆಗೆ ಹೋಗಲಾಗದೆ ಅಂಥದೊಂದು ಹಾಸ್ಟೆಲಿನಲ್ಲೇ ಉಳಿದಿದ್ದಳು, ಆಮೇಲೆ ಅವಳಿಗೂ ಕಾಯಿಲೆ ಹತ್ತಿತು. ಸುಮನಾಳ ಮನೆಯಲ್ಲಿ ಉಬ್ಬಸದ ಮಗಳಿದ್ದಳು, ಅಮೂಲ್ಯಾ. ರಾತ್ರಿ ಆ ಮಗು ಉಸಿರೆಳೆಯುವ ಸದ್ದು ಕೇಳುತ್ತಾ ಸುಮನಾ ಎದ್ದು ಕೂರುತ್ತಿದ್ದಳು. ಹಾಸ್ಟೆಲಿನಲ್ಲಿ ಈ ಹೆಂಗಸರು ಇರುವತನಕ ಅದು ಆಶ್ರಯ ಕೇಂದ್ರ. ಇವರು ಹೋದ ಮರುದಿನವೇ ಕ್ವಾರಂಟೈನ್ ಕೇಂದ್ರವಾಗುತ್ತದೆ. ಮಲ್ಲಿಕಾರ್ಜುನಯ್ಯ ಅದನ್ನು ಸ್ಪಷ್ಟವಾಗಿಯೇ ಹೇಳಿದ್ದರು. ಆಗಲೇ ಒಬ್ಬಿಬ್ಬರು ಹೆಂಗಸರನ್ನು ನೆಂಟರು ಬಂದು ಕರೆದುಕೊಂಡು ಹೋಗಿದ್ದರು. ಉಳಿದವರು ಕರಿಬಸಮ್ಮನ ಮಾತು ಕೇಳಿಕೊಂಡಿದ್ದರು. ಅವಳು ಹೊರಟರೆ ಎಲ್ಲರೂ ಹೊರಡುತ್ತಿದ್ದರು.

ಅಂಥ ಹೊತ್ತಿನಲ್ಲಿ ಓಂಕಾರಮೂರ್ತಿಯ ಫೋನು ಬಂತು.

“ಮೇಡಂ, ನಮ್ದು ಕ್ಲೋಸ್ ಆಯ್ತು. ಕಟ್ಟಡ ಕ್ವಾರಂಟೈನಿಗೆ ಬೇಕಂತೆ. ನಿನ್ನೆ ಎಲ್ಲಾರ್ನೂ ಬಿಟ್ಬಿಟ್ವಿ.”

“ಬಿಟ್ರಿ ಅಂದ್ರೆ? ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ಗೇಟು ತೆಗೆದ್ವಿ. ಅವರವರ ಜಾಗಕ್ಕೆ ಹೋದ್ರು. ನಿಮ್ಮ ಲಕ್ಕಣ್ಣನ್ನ ಬೀರೂರಿನ ಕಡೆ ಹೋಗೋ ಲಾರಿ ಹತ್ತಿಸ್ದೆ. ಅಜ್ಜಂಪುರಕ್ಕೆ ಹೋಗ್ತೀನಿ ಅಂದ. ಆಯಮ್ಮಂಗೆ ಹೇಳ್ಬಿಡಿ.”

ಸುಮನಾ ಫೋನ್ ಇಟ್ಟು ಹಿತ್ತಲ ಕಡೆ ನಡೆದಳು. ಹೇಳಬೇಕೆಂದೇ ಹೋದದ್ದು. ಕರಿಬಸಮ್ಮ ಹುಣಸೆಹಣ್ಣು ಹಾಕಿ ಪಾತ್ರೆ ಉಜ್ಜುತ್ತಿದ್ದಳು. ತಲೆಯೆತ್ತಿ, “ಕಡೂರಿಂದಾನಾ ಅಮ್ಮಾರೇ?” ಎಂದಳು.

“ಹೂಂ,” ಎಂದಳು ಸುಮನಾ. “ಚೆನ್ನಾಗಿದಾನಂತೆ. ಊಟ ಮಾಡಿದ್ನಂತೆ.”

ಬಾಯಿಂದ ಅದು ಬಂದೇಬಿಟ್ಟಿತು. ನಾಳೆ ಹೇಳೋಣ ಎಂದುಕೊಂಡಳು. ಮರುದಿನವೂ ಹಾಗೆಯೇ ಅಂದುಕೊಂಡಳು. ಕರಿಬಸಮ್ಮ ದಿನಾ ಕೇಳುತ್ತಲೇ ಇದ್ದಳು, ಸುಮನಾ ದಿನಾ ಒಂದು ಉತ್ತರ ಕೊಡುತ್ತಲೇ ಇದ್ದಳು. ಒಮ್ಮೆ, ಉಪ್ಪಿಟ್ಟು ಕೊಟ್ಟಿದ್ದರಂತೆ ಎಂದಳು. ಉಪ್ಪಿಟ್ಟಿನ ಮಾತು ಯಾಕೆ ಸೇರಿಸಿದೆ ಎಂದು ಮನೆಗೆ ಹೋದ ಮೇಲೆ ಅವಳಿಗೇ ನಾಚಿಕೆಯಾಯಿತು.

ಮಳೆ ಹಿಡಿದ ಒಂದು ಮಧ್ಯಾಹ್ನ ವಾಚ್‌ಮನ್ ಹಾಲೇಶ ಆಫೀಸು ರೂಮಿಗೆ ಬಂದ.

“ಮೇಡಂ, ಗೇಟ್ ಹತ್ರ ಯಾವನೋ ಮುದುಕ ಬಂದವ್ನೆ. ಕಣ್ಣು ಮಂಜು. ಯಾವಳೋ ಹೆಂಗಸನ್ನ ಕೇಳ್ತಾನೆ, ಮಳೇಲಿ ಹೆಸರು ಸರಿಯಾಗಿ ಕೇಳಿಸ್ಲಿಲ್ಲ.”

ಸುಮನಾ ಕಿಟಕಿಯಿಂದ ನೋಡಿದಳು. ಗೇಟಿನ ಸರಳು ಹಿಡಿದು ಲಕ್ಕಣ್ಣ ನಿಂತಿದ್ದ. ತಲೆಯ ಮೇಲೆ ಗೊಬ್ಬರದ ಚೀಲವನ್ನು ಕೊಪ್ಪೆಯಂತೆ ಹಾಕಿಕೊಂಡಿದ್ದ. ಬಲಗಾಲಿಗೆ ಬಟ್ಟೆ ಸುತ್ತಿತ್ತು, ಅದು ಕೆಸರಾಗಿ ಕಪ್ಪಾಗಿತ್ತು. ಕರಿಬಸಮ್ಮ ಅಡುಗೆಮನೆಯಲ್ಲಿದ್ದಳು. ಕೂಗಿದರೆ ಕೇಳಿಸುವಷ್ಟು ಹತ್ತಿರ.

ಬೆಳಿಗ್ಗೆಯಷ್ಟೇ ಮಲ್ಲಿಕಾರ್ಜುನಯ್ಯನವರ ಫೋನು ಬಂದಿತ್ತು. ಒಳಗೆಷ್ಟು ಜನ ಇದ್ದಾರೆ, ಇನ್ನೂ ಇರುತ್ತಾರಾ ಎಂದು ಕೇಳಿದ್ದರು. ಎಲ್ಲರೂ ಇರುತ್ತಾರೆ ಸಾರ್ ಎಂದು ಅವಳು ಹೇಳಿದ್ದಳು. ಹೊರಗಿನವರನ್ನು ಒಳಗೆ ಬಿಡಬಾರದೆಂಬ ನಿಯಮವೂ ಇತ್ತು, ಗೇಟಿಗೆ ಅಂಟಿಸಿತ್ತು. ಆ ನಿಯಮ ಆ ಕ್ಷಣ ಅವಳಿಗೆ ಆಸರೆಯಾಗಿ ಒದಗಿತು.

ಅವಳು ಜಗಲಿಗೆ ಬಂದು ನಿಂತಳು. “ಹೊರಗಿನೋರಿಗೆ ಪರ್ಮಿಷನ್ ಇಲ್ಲ ಅಜ್ಜ,” ಎಂದಳು.

ಲಕ್ಕಣ್ಣ ದನಿ ಬಂದತ್ತ ಮುಖ ತಿರುಗಿಸಿದ. “ಒಳಗೆ ಬರಲ್ಲ ತಾಯಿ. ಕರಿಬಸವ್ವ ಅಂತ ಒಬ್ಳು ಇದಾಳಾ? ಅಜ್ಜಂಪುರದ ಹೆಂಗಸ್ರನ್ನ ಇಲ್ಲೇ ಇಟ್ಟವ್ರೆ ಅಂತ ಯಾರೋ ಅಂದ್ರು.”

“ಇಲ್ಲ,” ಎಂದಳು ಸುಮನಾ. “ಇಲ್ಲಿ ಆ ಹೆಸರಿನೋರು ಯಾರೂ ಇಲ್ಲ.”

ಅವನು ಗೇಟಿನ ಸರಳು ಬಿಡಲಿಲ್ಲ. ಅವಳು ಹಾಲೇಶನಿಗೆ ಸುಮ್ಮನಿರುವಂತೆ ಸನ್ನೆ ಮಾಡಿದಳು. “ಊಟದ ಪೊಟ್ಟಣ ಕೊಡು, ನೀರು ಕೊಡು. ಕಾಲಿಗೆ ಏನಾಗಿದೆ ಅಜ್ಜ? ಆಸ್ಪತ್ರೆಗೆ ತೋರಿಸಿ.” ಹಾಲೇಶ ಗೇಟಿನ ಸಂದಿಯಿಂದ ಪೊಟ್ಟಣ ಕೊಟ್ಟ. ಲಕ್ಕಣ್ಣ ಅದನ್ನು ಎದೆಗೊತ್ತಿಕೊಂಡು, ಅವಳಿದ್ದ ದಿಕ್ಕಿಗೆ ಕೈಮುಗಿದು, ಕೋಲು ಊರುತ್ತಾ ಮಳೆಯಲ್ಲಿ ಹೋದ.

“ಯಾರು ಅಮ್ಮಾರೇ ಅದು?” ಕರಿಬಸಮ್ಮ ಕೈಯೊರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದು ಕೇಳಿದಳು.

“ಯಾರೋ ಊಟ ಕೇಳಕ್ಕೆ ಬಂದಿದ್ದ,” ಎಂದಳು ಸುಮನಾ.

“ಅಯ್ಯೋ ಪಾಪ, ಮಳೇಲಿ,” ಎಂದಳು ಕರಿಬಸಮ್ಮ. “ಒಂದು ಹಿಡಿ ಜಾಸ್ತಿ ಹಾಕಿಕೊಡಾದಲ್ವಾ.”

ಆ ಸಂಜೆ ಸುಮನಾ ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡು, ಸ್ಟೇಷನ್, ಮುಚ್ಚಿದ ಅಂಗಡಿಗಳ ಮುಂಗಟ್ಟು ಎಲ್ಲ ಸುತ್ತಿದಳು. ಸಿಕ್ಕಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಅವನು ಸಿಗಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ, ಮಗಳ ಪಕ್ಕ ಮಲಗಿದಳು. ಅಮೂಲ್ಯಾ ಅಂದು ನೆಮ್ಮದಿಯಾಗಿ ಉಸಿರಾಡುತ್ತಿದ್ದಳು. ಅದನ್ನು ಕೇಳುತ್ತಾ ಸುಮನಾಳಿಗೆ ಅಳು ಬಂತು. ತಾನು ಏನನ್ನು ಕೊಟ್ಟು ಏನನ್ನು ಉಳಿಸಿಕೊಂಡೆ ಎಂಬುದು ಅವಳಿಗೆ ಸ್ಪಷ್ಟವಾಗಿತ್ತು.

ಕೊನೆಗೆ ಆಶ್ರಯ ಕೇಂದ್ರ ಮುಚ್ಚಿಯೇ ಮುಚ್ಚಿತು. ಬುದ್ಧಿ ಸರಿಯಿಲ್ಲದ ಹೆಂಗಸನ್ನು ಒಂದು ಮಠದವರು ಇಟ್ಟುಕೊಂಡರು. ಉಳಿದವರಿಗೆ ಒಂದೊಂದು ಸೀರೆ, ಅಕ್ಕಿ ಬೇಳೆ ಕೊಟ್ಟು ಕಳಿಸುವುದೆಂದಾಯಿತು. ವಿಚಿತ್ರವೆಂದರೆ ಹಾಸ್ಟೆಲನ್ನು ಕ್ವಾರಂಟೈನಿಗೆ ಯಾರೂ ಕೇಳಲಿಲ್ಲ. ಅಷ್ಟರಲ್ಲಿ ನಿಯಮ ಬದಲಾಗಿ, ಬಂದವರು ಅವರವರ ಮನೆಯಲ್ಲೇ ಇರಬಹುದೆಂದು ಆಗಿತ್ತು.

ಕರಿಬಸಮ್ಮ ಸೀರೆ ಕಂಕುಳಲ್ಲಿಟ್ಟುಕೊಂಡು, “ಕಡೂರಿಗೆ ಬಸ್ ಎಷ್ಟೊತ್ತಿಗೆ ಅಮ್ಮಾರೇ?” ಎಂದು ಕೇಳಿದಳು.

ಸುಮನಾ ನೆಲ ನೋಡುತ್ತಾ, “ಅಲ್ಲಿ ಅವರೆಲ್ಲಾರ್ನೂ ಬಿಟ್ಬಿಟ್ಟಿದಾರಂತೆ,” ಎಂದಳು.

“ಯಾವಾಗ?”

“ಸ್ವಲ್ಪ ದಿನ ಆಯ್ತಂತೆ.”

“ನಿಮಗೆ ಯಾವಾಗ ಗೊತ್ತಾಯ್ತು?”

“ಈಗ್ಲೇ,” ಎಂದಳು ಸುಮನಾ. ತಕ್ಷಣ ಸೇರಿಸಿದಳು, “ಬಾ, ನಾನೇ ಕರ್ಕೊಂಡು ಹೋಗ್ತೀನಿ. ಹುಡುಕೋಣ.”

ಸ್ಕೂಟರಿನ ಹಿಂದೆ ಕರಿಬಸಮ್ಮ ಒಂದು ಕೈಯಲ್ಲಿ ಸುಮನಾಳ ಭುಜ ಹಿಡಿದು ಕೂತಳು. ಮೊದಲು ಅಜ್ಜಂಪುರಕ್ಕೆ ಹೋದರು. ಗೂಡ್ಸ್ ಶೆಡ್ಡಿನ ಜಗಲಿಗೆ ಯಾರೂ ಹತ್ತದಂತೆ ಮುಳ್ಳುತಂತಿ ಹಾಕಿದ್ದರು. ಸ್ಟೇಷನ್ ಎದುರಿನ ಟೀ ಅಂಗಡಿಯ ಸಿದ್ದಪ್ಪ ಕರಿಬಸಮ್ಮನನ್ನು ನೋಡಿ ಎದ್ದೇ ನಿಂತ.

“ಎಲ್ಲಿಗೆ ಹೋಗಿದ್ದೆ ಮಾರಾಯ್ತಿ? ನಿನ್ ಲಕ್ಕಣ್ಣ ಬಂದು ಈ ತಂತಿ ಹಿಡ್ಕೊಂಡು ಕೂತಿದ್ದ. ಹೋಗೋ ಬರೋರನ್ನೆಲ್ಲ ಕರಿಬಸವ್ವ ಬಂದ್ಲಾ, ಕರಿಬಸವ್ವ ಬಂದ್ಲಾ ಅಂತ ಕೇಳೋನು. ಪೊಲೀಸರು ಎಬ್ಬಿಸಿದ್ರು. ಕಾಲಿಗೆ ಮುಳ್ಳುತಂತಿ ಗೀರಿ ಗಾಯ ಆಗಿತ್ತು. ಹೆಂಗಸ್ರೆಲ್ಲ ತರೀಕೆರೇಲಿ ಇದಾರೆ ಅಂತ ನಾನೇ ಅಂದೆ. ಅಲ್ಲಿಗೇ ಹೋಗ್ತೀನಿ ಅಂತ ನಡ್ಕೊಂಡೇ ಹೊರಟ.”

“ತರೀಕೆರೆಗಾ?” ಕರಿಬಸಮ್ಮ ಸುಮನಾಳ ಕಡೆ ತಿರುಗಿದಳು. “ನಮ್ಮ ಹತ್ರ ಬರ್ಲೇ ಇಲ್ವಲ್ಲ ಅಮ್ಮಾರೇ! ದಾರೀಲಿ ಏನಾದ್ನೋ!”

ಸುಮನಾ ಸ್ಕೂಟರಿನ ಕೀ ಹುಡುಕುವವಳಂತೆ ಚೀಲದಲ್ಲಿ ಕೈಯಾಡಿಸಿದಳು. ಕೀ ಅವಳ ಇನ್ನೊಂದು ಕೈಯಲ್ಲೇ ಇತ್ತು.

ಬೇರೆಲ್ಲಿ ಹೋಗಿರಬಹುದು ಎಂಬುದಕ್ಕೆ ಕರಿಬಸಮ್ಮನಿಗೆ ತಿಳಿದ ಜಾಗ ಒಂದೇ. ಲಕ್ಕಣ್ಣ ವಯಸ್ಸಿನಲ್ಲಿದ್ದಾಗ ಲಕ್ಕವಳ್ಳಿಯ ಡ್ಯಾಂ ಕ್ವಾರ್ಟರ್ಸಿನಲ್ಲಿ ದಿನಗೂಲಿಗೆ ಗಿಡಗಳಿಗೆ ನೀರು ಹಾಕುತ್ತಿದ್ದವನು. ಕಣ್ಣು ಮಂಜಾದ ಮೇಲೆ ಕೆಲಸ ಹೋಗಿ ಊರು ಬಿಟ್ಟಿದ್ದ. ಮರುದಿನ ಇಬ್ಬರೂ ಲಕ್ಕವಳ್ಳಿಗೆ ಹೊರಟರು.

ದಾರಿಯಲ್ಲಿ ಸುಮನಾ, ಅವನು ಸಿಗಲಿ ಎಂದು ಬೇಡಿಕೊಂಡಳು. ಸಿಕ್ಕಿ ಮಾತಾಡಿದರೆ ಏನು ಗತಿ ಎಂದೂ ಹೆದರಿದಳು. ಒಂದು ತಿರುವಿನಲ್ಲಿ, ಅವನು ಸಿಗದಿದ್ದರೇ ಒಳ್ಳೆಯದೇನೋ ಎಂಬ ಯೋಚನೆ ಬಂತು. ಬಂದದ್ದೇ ಅವಳು ಗಾಡಿ ನಿಲ್ಲಿಸಿಬಿಟ್ಟಳು.

“ಯಾಕಮ್ಮಾರೇ?”

“ಏನಿಲ್ಲ. ಕಣ್ಣಿಗೆ ಧೂಳು ಬಿತ್ತು,” ಎಂದಳು. ಮಳೆ ಬಿದ್ದ ರಸ್ತೆಯಲ್ಲಿ ಧೂಳಿರಲಿಲ್ಲ.

ಹಿಂದೆ ಕಾಲುವೆಗೆ ನೀರು ಬಿಡುವ ಕೆಲಸದಲ್ಲಿದ್ದ ತೀರ್ಥಪ್ಪ ಎಂಬ ಮುದುಕ ಅವರಿಗೆ ದಾರಿ ತೋರಿಸಿದ. ಕಾಲುವೆ ದಂಡೆಯ ಮೇಲೆ ಬಾಗಿಲಿಲ್ಲದ ಹಳೆಯ ಶೆಡ್ಡೊಂದಿತ್ತು. ಹಳೇ ಪರಿಚಯಕ್ಕೆ ತೀರ್ಥಪ್ಪನೇ ಲಕ್ಕಣ್ಣನನ್ನು ಅಲ್ಲಿ ಮಲಗಿಸಿ, ಮನೆಯಿಂದ ಎರಡು ಹೊತ್ತು ಮುದ್ದೆ ತಂದು ಕೊಡುತ್ತಿದ್ದ. “ಕಾಲು ಕೊಳೀತಾ ಐತೆ. ಆಸ್ಪತ್ರೆಗೆ ಬಾ ಅಂದ್ರೆ, ಮತ್ತೆ ಹಿಡ್ಕೊಂಡೋಗಿ ಕೂಡಾಕ್ತಾರೆ ಅಂತಾನೆ. ಏನ್ಮಾಡ್ಲಿ?” ಎಂದ.

ಕರಿಬಸಮ್ಮ ಓಡಿದಳು. ಸುಮನಾ ಸ್ಕೂಟರಿನ ಹತ್ತಿರವೇ ನಿಂತಳು. ಒಳಗಿನಿಂದ ಬೈಗುಳ, ಅಳು, ಮತ್ತೆ ಬೈಗುಳ ಕೇಳಿಸಿತು. “ಬರಿಗಾಲಲ್ಲಿ ಓಡಾಡ್ಬೇಡ ಅಂದಿರ್ಲಿಲ್ವೇನೋ!” ಆಮೇಲೆ ಕರಿಬಸಮ್ಮ ಹೊರಗೆ ಬಂದು ಕೈಬೀಸಿ ಕರೆದಳು. “ಬನ್ನಿ ಅಮ್ಮಾರೇ! ಬದುಕವ್ನೆ! ಮಾತಾಡ್ಸಿ ಬನ್ನಿ!”

ಸುಮನಾ ಒಳಗೆ ಹೋದಳು, ಆದರೆ ಬಾಯಿ ಬಿಡಲಿಲ್ಲ. ಚಾಪೆಯ ಮೇಲೆ ಲಕ್ಕಣ್ಣ ಗೋಡೆಗೊರಗಿ ಕೂತಿದ್ದ. ಬಲಗಾಲಿನ ಬೆರಳುಗಳು ಕಪ್ಪಾಗಿದ್ದವು. ಶೆಡ್ಡಿನಲ್ಲಿ ಆ ವಾಸನೆ ತುಂಬಿತ್ತು.

“ಇವ್ರೇ ಕಣೋ ನನ್ನ ಗಾಡೀಲಿ ಕೂರಿಸ್ಕೊಂಡು ಊರೂರು ಸುತ್ತಿಸಿದ್ದು. ದೇವ್ರಂತೋರು. ಮಾತಾಡ್ಸಿ ಅಮ್ಮಾರೇ, ಯಾಕೆ ಸುಮ್ನೆ ನಿಂತ್ರಿ?”

ಇನ್ನು ಬೇರೆ ದಾರಿಯಿರಲಿಲ್ಲ. “ಲಕ್ಕಣ್ಣ, ಕಾಲು ತೋರಿಸ್ಬೇಕು ಕಣಪ್ಪ. ನಾನು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ,” ಎಂದಳು.

ಅವನ ಮುಖ ಅವಳತ್ತ ತಿರುಗಿತು. ಕಿವಿಯನ್ನು ಒಂದಿಷ್ಟು ವಾಲಿಸಿದ. ಆಮೇಲೆ ಮುಖ ಅರಳಿತು.

“ಓ, ಈ ತಾಯೀನಾ! ಗೊತ್ತು ಗೊತ್ತು. ಆವತ್ತು ಮಳೇಲಿ ಊಟದ ಪೊಟ್ಟಣ ಕೊಡ್ಸಿದ್ರಲ್ಲ! ತರೀಕೆರೆ ಹಾಸ್ಟೆಲ್ ಗೇಟಲ್ಲಿ. ಎರಡು ದಿನದಿಂದ ಏನೂ ತಿಂದಿರ್ಲಿಲ್ಲ ಕಣೇ ನಾನು. ಎಲ್ಲಾರೂ ಗದರಿಸಿದೋರೇ. ಇವ್ರೊಬ್ರೇ ಕಾಲಿಗೇನಾಯ್ತು ಅಂತ ಕೇಳಿದ್ದು.” ಅವನು ಎರಡೂ ಕೈ ಎತ್ತಿ ಮುಗಿದ.

ಅವನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ ಕರಿಬಸಮ್ಮ ಅವನ ಕಡೆಗೆ ಬಾಗಿದಳು.

“ತರೀಕೆರೆ ಗೇಟಲ್ಲೇನೋ?” ಎಂದಳು.

“ಹೂಂ ಕಣೇ. ನಿನ್ನ ಕೇಳ್ದೆ. ಅಲ್ಲಿ ನೀನಿಲ್ಲ ಅಂದ್ರು. ಬೇರೆ ಎಲ್ಲಿಟ್ಟಿದ್ರು ನಿನ್ನ?”

ಕರಿಬಸಮ್ಮ ತಲೆಯೆತ್ತಿ ಸುಮನಾಳನ್ನು ನೋಡಿದಳು. ಸುಮನಾಳಿಗೆ ಹೇಳಲು ಎಷ್ಟೋ ಇತ್ತು: ಮಗಳು, ಉಬ್ಬಸ, ಗೇಟಿಗೆ ಅಂಟಿಸಿದ ನಿಯಮ. ಆ ಕಾಲಿನ ಮುಂದೆ ಒಂದೂ ನಿಲ್ಲುತ್ತಿರಲಿಲ್ಲ. ಅವಳು ನಿಂತಲ್ಲೇ ಕೈಮುಗಿದಳು.

ಕರಿಬಸಮ್ಮನ ಮುಖದಲ್ಲಿ ಏನೇನೋ ಹಾದುಹೋಯಿತು. ಕೊನೆಗೆ ಲಕ್ಕಣ್ಣನ ಕಡೆ ತಿರುಗಿ, “ಬೇರೆ ಕಡೆ ಇಟ್ಟಿದ್ರು ಕಣೋ,” ಎಂದಳು. “ದೂರ.”

ಲಕ್ಕಣ್ಣನನ್ನು ಆಟೊದಲ್ಲಿ ಆಸ್ಪತ್ರೆಗೆ ಸೇರಿಸಿದರು. ಎರಡು ಬೆರಳು ತೆಗೆಯಬೇಕಾಯಿತು. ಇನ್ನೂ ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಸುಮ್ಮನೆ ಮಾತಿಗೆಂಬಂತೆ ಅಂದರು. ವಾರ್ಡಿನ ಹೊರಗೆ, ಲಕ್ಕಣ್ಣನ ಕಿವಿಗೆ ಬೀಳದ ಕಡೆ, ಕರಿಬಸಮ್ಮ ಮೊದಲ ಬಾರಿಗೆ ಬಾಯಿಬಿಟ್ಟಳು.

“ನಾನು ಒಳಗೇ ಇದ್ನಲ್ಲಮ್ಮ. ಅಡುಗೆಮನೇಲೇ ಇದ್ನಲ್ಲ.”

“ತಪ್ಪಾಯ್ತು ಕರಿಬಸಮ್ಮ.”

“ಉಪ್ಪಿಟ್ಟು ಕೊಟ್ಟಿದ್ರಂತೆ ಅಂದ್ರಲ್ಲ. ಅದೂ ಸುಳ್ಳಾ?”

ಸುಮನಾ ಹೌದೆಂದು ತಲೆಯಾಡಿಸಿದಳು.

“ಅವ್ನಿಗೆ ಹೇಳ್ಬೇಡಿ,” ಎಂದಳು ಕರಿಬಸಮ್ಮ. “ಒಬ್ರಾದ್ರೂ ಒಳ್ಳೇರು ಸಿಕ್ಕಿದ್ರು ಅಂದ್ಕೊಂಡವ್ನೆ. ಅಂದ್ಕೊಳ್ಳಿ. ಇನ್ನು ನೀವು ಹೋಗಿ. ನಾನು ನೋಡ್ಕೊತೀನಿ.”

ಆಮೇಲೆ ಅವರಿಬ್ಬರೂ ಲಕ್ಕವಳ್ಳಿಯ ಆ ಶೆಡ್ಡಿಗೇ ಮರಳಿದರು. ಡ್ಯಾಮಿನ ಹತ್ತಿರ ಮೀನು ಮಾರುವವರ ಬಳಿ ಕರಿಬಸಮ್ಮ ಮೀನು ಹೆಚ್ಚಿ ಕೊಡುವ ಕೆಲಸ ಹಿಡಿದಳೆಂದು ಸುಮನಾ ಯಾರಿಂದಲೋ ಕೇಳಿದಳು. ಒಂದೆರಡು ಸಲ ಹಣ್ಣು, ಔಷಧಿ ಕಳಿಸಿಕೊಟ್ಟಳು. ತೀರ್ಥಪ್ಪ ಅವನ್ನು ವಾಪಸ್ಸು ತಂದುಕೊಟ್ಟ.

ಮರುವರ್ಷ ಕಾಯಿಲೆ ಮತ್ತೆ ಎದ್ದು ಊರುಗಳು ಮುಚ್ಚಿದಾಗ ಹಾಸ್ಟೆಲು ಮತ್ತೆ ಆಶ್ರಯ ಕೇಂದ್ರವಾಯಿತು. ಈ ಸಲದ ಕಾಯಿಲೆ ಮೊದಲಿನಂತಿರಲಿಲ್ಲ, ಪರಿಚಯದ ಮನೆಗಳಲ್ಲೇ ಸಾವು ನಡೆಯುತ್ತಿತ್ತು. ಹೊಸ ಉಸ್ತುವಾರಿ ಅಧಿಕಾರಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಎಂದು ಹೇಳುತ್ತಿದ್ದಂತೆ ಸುಮನಾ ಮೀಟಿಂಗಿನಲ್ಲಿ ಎದ್ದು ನಿಂತಳು.

“ಒಟ್ಟಿಗಿದ್ದೋರನ್ನ ಒಟ್ಟಿಗೇ ಇಡಬೇಕು ಸಾರ್. ಜಾಗ ನಾನು ಮಾಡಿಕೊಡ್ತೀನಿ.”

“ಗಂಡ ಹೆಂಡತಿ ಆಗಿದ್ರೆ ಇಡೋಣ ಮೇಡಂ.”

“ಏನಾಗಿದ್ರೂ ಇಡಬೇಕು. ಅದನ್ನ ಕೇಳೋದೇ ಬೇಡ.”

ಅವಳ ದನಿ ಅಷ್ಟು ಗಟ್ಟಿಯಾಗಿದ್ದುದಕ್ಕೆ ಅಧಿಕಾರಿ ಬೆರಗಾಗಿ ನೋಡಿದರು. ಬಹಳ ಒಳ್ಳೆಯ ಮನಸ್ಸು ಮೇಡಂನವರದ್ದು ಎಂದು ಪಕ್ಕದಲ್ಲಿದ್ದವರು ಹೇಳಿದರು. ಅದನ್ನು ಕೇಳಿ ಅವಳಿಗೆ ಕೂರಲು ಆಗಲಿಲ್ಲ, ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋದಳು. ಹಿಂದಿನ ಕ್ವಾರ್ಟರ್ಸಿನಿಂದ ಮುರಿದ ಮಂಚಗಳನ್ನು ತೆಗೆಸಿ, ಸುಣ್ಣ ಬಳಿಸಿದಳು. ಬೀರೂರಿನ ಬಸ್‌ಸ್ಟ್ಯಾಂಡಿನಲ್ಲಿದ್ದ ಒಬ್ಬ ಮುದುಕಿ, ಅವಳ ಕುಂಟ ತಮ್ಮ ಬಂದು ಅಲ್ಲಿ ಉಳಿದುಕೊಂಡರು.

ಆಮೇಲೆ ಅವಳು ವ್ಯಾನ್ ತೆಗೆದುಕೊಂಡು ಲಕ್ಕವಳ್ಳಿಗೆ ಹೋದಳು. ಮಳೆಗಾಲ ಹತ್ತಿರವಾಗಿತ್ತು. ಕರಿಬಸಮ್ಮ ಶೆಡ್ಡಿನ ಮಾಡಿಗೆ ನೀಲಿ ಟಾರ್ಪಾಲು ಹೊದಿಸುತ್ತಿದ್ದಳು. ವ್ಯಾನ್ ನೋಡಿದ್ದೇ ಇಳಿದು ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಲಕ್ಕಣ್ಣ ಕೆಮ್ಮುತ್ತಿದ್ದುದು ಕೇಳಿಸಿತು.

“ಇಬ್ರಿಗೂ ಒಂದೇ ರೂಮು ಕರಿಬಸಮ್ಮ,” ಎಂದಳು ಸುಮನಾ. “ಯಾರೂ ಬೇರೆ ಮಾಡಲ್ಲ. ಸೂಜಿ ಮದ್ದೂ ಹಾಕಿಸ್ತೀನಿ. ಈ ಸಲದ ಕಾಯಿಲೆ ಕೆಟ್ಟದ್ದು. ಬಾ.”

“ಬರಲ್ಲ.”

“ಅವನು ಕೆಮ್ತಿದಾನೆ.”

“ದಿನಾ ಕೆಮ್ತಾನೆ. ಬೀಡಿ ಸೇದ್ತಾನೆ.”

“ನನ್ನ ಮೇಲಿನ ಸಿಟ್ಟಿಗೆ ಅವನ ಜೀವಕ್ಕೆ…”

“ಸಿಟ್ಟಿಲ್ಲ ಅಮ್ಮಾರೇ,” ಎಂದಳು ಕರಿಬಸಮ್ಮ, ದನಿಯೇರಿಸದೆ. “ಸಿಟ್ಟು ಆವಾಗ್ಲೇ ಹೋಯ್ತು. ನಿಮ್ಗೂ ಮಗು ಇತ್ತು ಅಂತ ಗೊತ್ತು. ಹಾಲೇಶ ಸಿಕ್ಕಾಗ ಹೇಳ್ದ. ಆದ್ರೆ ನೀವು ಗಾಡಿ ತಂದ್ರೆ ನನ್ ಕಾಲು ನಡಗ್ತವೆ. ನೋಡಿ ಬೇಕಾದ್ರೆ.”

ಸುಮನಾ ನೋಡಿದಳು. ಸೀರೆಯ ಕೆಳಗೆ ಕರಿಬಸಮ್ಮನ ಪಾದಗಳು ನಿಜಕ್ಕೂ ಅದುರುತ್ತಿದ್ದವು.

ಅವಳು ಮತ್ತೆ ಒತ್ತಾಯಿಸಲಿಲ್ಲ. ವ್ಯಾನಿನಿಂದ ಎರಡು ಕಂಬಳಿ, ಮಾತ್ರೆಗಳನ್ನು ತಂದು ಕಲ್ಲಿನ ಮೇಲಿಟ್ಟಳು. ಸೂಜಿ ಹಾಕುವವರನ್ನು ಇಲ್ಲಿಗೇ ಕಳಿಸುತ್ತೇನೆ, ತಾನು ಬರುವುದಿಲ್ಲ ಎಂದಳು. ಕರಿಬಸಮ್ಮ ಹೂಂ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. “ಯಾರೇ ಅದು?” ಎಂದು ಲಕ್ಕಣ್ಣ ಒಳಗಿನಿಂದ ಕೂಗಿದ. ಸುಮನಾ ಬಾಗಿಲಿನಿಂದ ದೂರ ಸರಿದಳು.

“ಕಂಬಳಿ ಕೊಡೋರು ಕಣೋ,” ಎಂದಳು ಕರಿಬಸಮ್ಮ. “ಹೋಗ್ತಾವ್ರೆ.”

ಸುಮನಾ ಬಂದು ಗಾಡಿ ಹತ್ತಿದಳು. ಡ್ರೈವರ್ ಹಿಂದಿನ ಬಾಗಿಲು ತೆಗೆದಿಟ್ಟುಕೊಂಡು ಕಾಯುತ್ತಿದ್ದ.

“ಬರಲ್ವಂತಾ ಮೇಡಂ?”

“ನಾನು ಕರೆದ್ರೆ ಬರಲ್ಲ,” ಎಂದಳು ಸುಮನಾ. “ಬಾಗಿಲು ಹಾಕಪ್ಪ. ಹೋಗೋಣ.”